ಹಿಂದೆ ಕೂತವರಿಗೇ ಮೊದಲು ಗೊತ್ತಾಗೋದು!

ಸೀರೆಯ ಅಂಚಿಗೆ ಮೆತ್ತಿದ ಕರಿ ಎಣ್ಣೆ ಕಲೆ ಎಷ್ಟು ಉಜ್ಜಿದರೂ ಹೋಗುತ್ತಿಲ್ಲವೇ? ವಾರವಾರವೂ ಅದೇ ಜಾಗದಲ್ಲಿ ಹೊಸ ಕಲೆ ಕಾಣಿಸಿಕೊಳ್ಳುತ್ತಿದೆಯೇ? ಸೋಪಿಗೆ ಬೈಯುವ ಮೊದಲು ಒಮ್ಮೆ ನಿಮ್ಮ ಯಜಮಾನರ ಬೈಕಿನ ಹಿಂದಿನ ಚಕ್ರದ ಪಕ್ಕ ಬಗ್ಗಿ ನೋಡಿ. ನಾನು ಮಾತ್ರ ನೋಡಿದ್ದು ಬಹಳ ತಡವಾಗಿ. ಅಷ್ಟರಲ್ಲಿ ಎರಡು ಸೀರೆ ಹಾಳಾಗಿತ್ತು, ಸೊಂಟಕ್ಕೆ ಹಚ್ಚಿದ ಮುಲಾಮಿನ ಟ್ಯೂಬುಗಳಿಗೆ ಲೆಕ್ಕವಿರಲಿಲ್ಲ, ಮೊಣಕಾಲಿನ ಚರ್ಮವೂ ಕಿತ್ತುಬಂದಿತ್ತು!

ನಮ್ಮದು ತಿಪಟೂರಿನಲ್ಲಿ ಮನೆ, ತುರುವೇಕೆರೆ ಕಡೆ ತೋಟ. ವಾರಕ್ಕೆ ಒಮ್ಮೆಯಾದರೂ ನೊಣವಿನಕೆರೆ ದಾರಿಯಲ್ಲಿ ಬೈಕಿನಲ್ಲಿ ಹೋಗಿ ಬರಲೇಬೇಕು. ಹೋಗುವಾಗ ಕೈಯಲ್ಲಿ ಊಟದ ಡಬ್ಬಿ. ಬರುವಾಗ ತೊಡೆಯ ಮೇಲೆ ಕಾಯಿ ಚೀಲ, ಬೆನ್ನ ಹಿಂದಿನ ಕ್ಯಾರಿಯರಿಗೆ ಸೊಪ್ಪಿನ ಕಟ್ಟು. ಈ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕ್ಕನಾಯಕನಹಳ್ಳಿ, ಹುಳಿಯಾರು, ಕಿಬ್ಬನಹಳ್ಳಿ ಕ್ರಾಸ್... ಯಾವ ರಸ್ತೆಯಲ್ಲಿ ನಿಂತು ನೋಡಿದರೂ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು, ಚೀಲ ಅವುಚಿಕೊಂಡು ಕೂತ ನಮ್ಮಂಥವರೇ ಕಾಣುತ್ತಾರೆ.

ಮೊದಲು ಸೊಂಟ ನೋವು ಶುರುವಾಯಿತು. ಹಂಪು ಬಂದಾಗಲೆಲ್ಲ ಬೆನ್ನುಮೂಳೆಯ ಬುಡಕ್ಕೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ! "ರೀ, ಗಾಡಿ ಏನೋ ಸರಿಯಿಲ್ಲ ಕಣ್ರೀ" ಅಂದರೆ, "ನಂಗೇನೂ ಗೊತ್ತಾಗ್ತಿಲ್ಲವಲ್ಲೇ... ವಯಸ್ಸಾಯ್ತು ನಿಂಗೆ" ಅಂತ ನಗು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಯಾಕೆ ಅಂತ ನೋಡಿ. ಓಡಿಸುವವರು ಕೂರುವುದು ಎರಡು ಚಕ್ರಗಳ ನಡುವೆ. ನಾವು ಕೂರುವುದು ಹೆಚ್ಚುಕಮ್ಮಿ ಹಿಂದಿನ ಚಕ್ರದ ನೆತ್ತಿಯ ಮೇಲೆ. ಅವರಿಗೆ ಹಂಪು ಮೊದಲೇ ಕಾಣುತ್ತದೆ, ಹ್ಯಾಂಡಲ್ ಹಿಡಿದು, ಕಾಲು ಊರಿ, ಮೈ ಸ್ವಲ್ಪ ಎತ್ತಿಬಿಡುತ್ತಾರೆ. ನಮಗೆ ಮುಂದಿನದು ಕಾಣುವುದಿಲ್ಲ, ಊರುವುದಕ್ಕೆ ಎರಡೂ ಕಾಲಿಗೆ ಜಾಗವಿಲ್ಲ, ಸೊಂಟ ಬೇರೆ ಒಂದು ಪಕ್ಕಕ್ಕೆ ತಿರುಚಿಕೊಂಡಿರುತ್ತದೆ. ಹಾಗಾಗಿ ಹಿಂದಿನ ಶಾಕ್ ಅಬ್ಸಾರ್ಬರ್ ಕೆಟ್ಟರೆ ಮೊದಲು ತಿಳಿಯುವುದು ಹಿಂದೆ ಕೂತವಳಿಗೆ. ಮುಂದೆ ಕೂತವರಿಗೆ ತಿಳಿಯುವಷ್ಟರಲ್ಲಿ ಅದು ಪೂರ್ತಿ ಸತ್ತಿರುತ್ತದೆ!

ಆಮೇಲೆ ಬಂತು ಕಲೆ. "ಚೈನಿನ ಎಣ್ಣೆ ತಗಲಿರುತ್ತೆ ಬಿಡು" ಅಂದರು. ನಾನೂ ನಂಬಿದೆ. ಒಂದು ದಿನ ಬಟ್ಟೆ ಒಗೆಯುವಾಗ ಹೊಳೆಯಿತು, ನಮ್ಮ ಗಾಡಿಯ ಚೈನು ಪೂರ್ತಿ ತಗಡಿನ ಕವರಿನೊಳಗೆ ಮುಚ್ಚಿಕೊಂಡಿದೆಯಲ್ಲ! ಹೋಗಿ ಬಗ್ಗಿ ನೋಡಿದರೆ, ಸೀರೆ ಗಾರ್ಡಿನ ಕಂಬಿಗಳ ಹಿಂದೆ ಎಡಗಡೆಯ ಶಾಕ್ ಅಬ್ಸಾರ್ಬರಿನ ಮೈಯೆಲ್ಲ ಒದ್ದೆ. ಎಣ್ಣೆಗೆ ದಾರಿಯ ಧೂಳು ಮೆತ್ತಿ ಕರಿ ಮಡ್ಡಿಯಾಗಿತ್ತು. (ಅಂದ ಹಾಗೆ ಅಂಥ ಕಲೆಗೆ ನೀರು ತಾಗಿಸಬೇಡಿ. ಮೊದಲು ಟಾಲ್ಕಂ ಪೌಡರ್ ಇಲ್ಲವೇ ಸೀಮೆಸುಣ್ಣದ ಪುಡಿ ಉದುರಿಸಿ ಎಣ್ಣೆ ಹೀರಲು ಬಿಡಿ, ಕೊಡವಿ, ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ, ಆಮೇಲೆ ಒಗೆಯಿರಿ.)

ತೋರಿಸಿದೆ. ಒಪ್ಪಿದರು. ಆದರೆ ಅದು 2023ರ ಮಾತು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಅಂತಿದ್ದರೂ ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ವರ್ಷವೆಲ್ಲ ಅಟ್ಟದ ಮೇಲೆ ಕಾಯ್ದ ಕಾಯಿ ಸುಲಿಸಿ, ಒಡೆಸಿ, ಮಾರಿದರೂ ಕೈಗೆ ಬರುವುದು ಅಷ್ಟಕ್ಕಷ್ಟೇ. ನಮ್ಮ ಸೀಮೆಯ ಮನೆಗಳಲ್ಲಿ ಆ ವರ್ಷ ಎಲ್ಲದಕ್ಕೂ ಒಂದೇ ಉತ್ತರ, "ಕೊಬ್ಬರಿ ಏರಲಿ, ನೋಡೋಣ." ಬಾಗಿಲಿಗೆ ಬಣ್ಣ, ಮಗಳ ಓಲೆ, ಗಾಡಿ ರಿಪೇರಿ, ಎಲ್ಲವೂ ಕೊಬ್ಬರಿ ಏರುವುದನ್ನೇ ಕಾಯುತ್ತಾ ಕೂತವು.

ಕೊಬ್ಬರಿ ಏರುವ ಮೊದಲು ನಾನು ಬಿದ್ದೆ! ಸಂಜೆ ಮಬ್ಬುಗತ್ತಲು. ಹಳ್ಳಿಯೊಂದರ ಹತ್ತಿರ ಬಣ್ಣ ಬಳಿಯದ ಹಂಪು. ಗಾಡಿ ಒಮ್ಮೆ ಕುಪ್ಪಳಿಸಿತು. ಒಳ್ಳೆಯ ಶಾಕ್ ಅಬ್ಸಾರ್ಬರ್ ಆಗಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತು. ಇದು ಎರಡನೇ ಸಲ, ಮೂರನೇ ಸಲ ಕುಪ್ಪಳಿಸಿತು. ಎರಡನೆಯದಕ್ಕೆ ನಾನು ಸೀಟಿನ ತುದಿಗೆ ಬಂದೆ, ಮೂರನೆಯದಕ್ಕೆ ಚೀಲದ ಸಮೇತ ರಸ್ತೆಯಲ್ಲಿ. ನಿಧಾನವಾಗಿ ಹೋಗುತ್ತಿದ್ದೆವು, ತಲೆಗೆ ಹೆಲ್ಮೆಟ್ಟೂ ಇತ್ತು. ಮೊಣಕಾಲು, ಮೊಣಕೈ ತರಚಿ ಉಳಿಯಿತು. ಕಾಯಿಗಳೆಲ್ಲ ರಸ್ತೆಯ ತುಂಬಾ ಉರುಳಾಡಿದವು. ನಮ್ಮನೆಯವರು ಗಾಬರಿಯಲ್ಲಿ ಕೇಳಿದ ಮೊದಲ ಮಾತು, "ಕಾಯಿ ಒಡೀಲಿಲ್ಲ ತಾನೇ?" ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯಲು ಬಿಟ್ಟೂ ಇಲ್ಲ! (ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅಂತ ಕರ್ನಾಟಕದಲ್ಲಿ ಬಿಗಿ ಮಾಡಿದ್ದು 2016ರ ಜನವರಿಯಲ್ಲಿ. ಆಗ ಜಡೆ ಹಾಳಾಗುತ್ತೆ, ಹೂವು ಬಾಡುತ್ತೆ ಅಂತ ಗೊಣಗಿದವರಲ್ಲಿ ನಾನೂ ಒಬ್ಬಳು.)

ಶ್ಯಾವಿಗೆ ಒತ್ತು ನೆನಪಿದೆಯೇ?

ಈ ಶಾಕ್ ಅಬ್ಸಾರ್ಬರ್ ಅನ್ನುವುದು ಏನು ಮಾಡುತ್ತೆ? ಹೊರಗೆ ಕಾಣುವ ದಪ್ಪ ಸ್ಪ್ರಿಂಗೇ ಎಲ್ಲ ಅಂತ ನಾನು ತಿಳಿದಿದ್ದೆ. ಅದು ಅರ್ಧ ಕೆಲಸ. ಸ್ಪ್ರಿಂಗ್ ಭಾರ ಹೊರುತ್ತದೆ, ಏಟು ನುಂಗುತ್ತದೆ. ಆದರೆ ನುಂಗಿದ್ದನ್ನು ವಾಪಸ್ಸು ಕೊಡುತ್ತದೆ. ಜೋಕಾಲಿಯನ್ನು ಒಮ್ಮೆ ತಳ್ಳಿದರೆ ಹಿಂದೆ ಮುಂದೆ ಆಡುತ್ತಲೇ ಇರುತ್ತದಲ್ಲ, ಹಾಗೆ. ಅದನ್ನು ಹಿಡಿದು ನಿಲ್ಲಿಸುವ ಕೈ ಸ್ಪ್ರಿಂಗಿನ ಒಳಗಿರುವ ಕೊಳವೆಯಲ್ಲಿದೆ. ಕೊಳವೆಯಲ್ಲಿ ಎಣ್ಣೆ, ಎಣ್ಣೆಯಲ್ಲಿ ಸಣ್ಣ ತೂತುಗಳಿರುವ ಒಂದು ಬಿಲ್ಲೆ. ನಮ್ಮ ಶ್ಯಾವಿಗೆ ಒತ್ತನ್ನು ನೆನಪಿಸಿಕೊಳ್ಳಿ. ಎಷ್ಟು ಜೋರಾಗಿ ಒತ್ತಿದರೂ ಹಿಟ್ಟು ತೂತಿನಿಂದ ತನ್ನ ಪಾಡಿಗೆ ನಿಧಾನವಾಗಿಯೇ ಇಳಿಯುತ್ತದೆ, ನಮ್ಮ ತೋಳೇ ಸೋಲುತ್ತದೆ. ಇಲ್ಲಿಯೂ ಅಷ್ಟೇ. ಎಣ್ಣೆ ಆ ತೂತುಗಳಲ್ಲಿ ನುಸುಳುವಾಗ ಕುಣಿತದ ಜೋರೆಲ್ಲ ಸೋತು ಬಿಸಿಯಾಗಿ ಹೋಗುತ್ತದೆ, ಗಾಡಿ ಒಂದೇ ಏಟಿಗೆ ಸುಮ್ಮನಾಗುತ್ತದೆ. ಕೊಳವೆಯ ಬಾಯಲ್ಲಿರುವ ರಬ್ಬರ್ ಸೀಲು ಸವೆದರೆ ಎಣ್ಣೆ ಸೋರುತ್ತದೆ. ಹಿಟ್ಟೇ ಇಲ್ಲದ ಒತ್ತನ್ನು ಒತ್ತಿದ ಹಾಗೆ, ತಡೆಯುವವರು ಯಾರೂ ಇಲ್ಲ.

ಇದನ್ನು ಕಂಡುಹಿಡಿಯಲು ಮೆಕ್ಯಾನಿಕ್ ಬೇಕಿಲ್ಲ. ಗಾಡಿಯನ್ನು ಸ್ಟ್ಯಾಂಡ್ ಇಲ್ಲದೆ ನೆಟ್ಟಗೆ ಹಿಡಿದುಕೊಳ್ಳಲು ಯಾರಿಗಾದರೂ ಹೇಳಿ. ನೀವು ಹಿಂದಿನ ಸೀಟಿನ ಮೇಲೆ ಎರಡೂ ಅಂಗೈ ಊರಿ, ಮೈಭಾರ ಹಾಕಿ ಒತ್ತಿ, ತಟ್ಟನೆ ಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಸರಿ. ರೊಟ್ಟಿ ಹಿಟ್ಟಿನ ಹಾಗೆ ಮೆತ್ತಗೆ ಇಳಿದು, ಎರಡು ಮೂರು ಸಲ ಮೇಲೆ ಕೆಳಗೆ ಆಡಿದರೆ ಎಣ್ಣೆ ಹೋಗಿದೆ ಅಂತಲೇ ಲೆಕ್ಕ. ಕೊಳವೆಯ ಮೇಲೆ ಎಣ್ಣೆ ಪಸೆ ಇದೆಯೇ ಅಂತ ಬೆರಳಾಡಿಸಿ ನೋಡಿ. ಗುಂಡಿಯಲ್ಲಿ ಇಳಿದಾಗ 'ಕಟಕ್ ಕಟಕ್' ಸದ್ದು ಬಂದರೆ ಮೇಲಿನ ಕೆಳಗಿನ ಕಣ್ಣುಗಳಲ್ಲಿರುವ ರಬ್ಬರ್ ಬುಷ್ ಸವೆದಿರಬಹುದು. ರಾತ್ರಿ ನೀವು ಹಿಂದೆ ಕೂತಾಗ ಎದುರಿನವರೆಲ್ಲ ಲೈಟು ಮಿಟುಕಿಸಿ ಬೈಯುತ್ತಿದ್ದಾರೆಯೇ? ಹಿಂಭಾಗ ಕುಸಿದು ಹೆಡ್‌ಲೈಟು ಆಕಾಶ ನೋಡುತ್ತಿರುತ್ತದೆ!

ಭಾನುವಾರದ ಕೆಲಸ

ಗ್ಯಾರೇಜಿನಲ್ಲಿ ಮಾಡಿಸಬಹುದು, ತಪ್ಪೇನಿಲ್ಲ. ನಮ್ಮ ಮೈದುನ, "ಅತ್ತಿಗೆ, ನಾಲ್ಕು ನಟ್ಟು ಬಿಚ್ಚೋ ಕೆಲಸ. ಅಂಗಳದಲ್ಲೇ ಮಾಡ್ಬಿಡೋಣ, ನೀವು ಒಂದು ಕೈ ಹಿಡೀರಿ ಸಾಕು" ಅಂದ. ನಾನು ಎರಡೂ ಕೈ ಹಿಡಿದೆ. ಹಾಗಾಗಿಯೇ ಇದನ್ನು ಬರೆಯುವ ಧೈರ್ಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳುತ್ತಿರುವುದು ಸ್ಪ್ಲೆಂಡರ್ ಥರದ, ಚಕ್ರದ ಎರಡೂ ಪಕ್ಕ ಒಂದೊಂದು ಶಾಕ್ ಅಬ್ಸಾರ್ಬರ್ ಹೊರಗೇ ಕಾಣುವ ಗಾಡಿಗಳ ವಿಚಾರ. ಸೀಟಿನ ಕೆಳಗೆ ನಡುವೆ ಒಂದೇ ಇರುವ ಬೈಕಾದರೆ ಮನೆಯಲ್ಲಿ ಕೈ ಹಾಕಬೇಡಿ. ಅದನ್ನು ಬಿಚ್ಚಿದರೆ ಹಿಂದಿನ ಚಕ್ರಕ್ಕೆ ಆಸರೆಯೇ ಇರುವುದಿಲ್ಲ. ನೀವೇ ಓಡಿಸುವ ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ ಇರುತ್ತದೆ, ಮೇಲಿನ ಬೋಲ್ಟ್ ಪ್ಲಾಸ್ಟಿಕ್ ಕವರಿನೊಳಗೆ ಅವಿತಿರುತ್ತದೆ. ಅದೂ ಗ್ಯಾರೇಜಿಗೇ ಹೋಗಲಿ.

ಸಾಮಾನು ತರುವಾಗ ಜೋಡಿಯನ್ನೇ ತನ್ನಿ. ಸೋರಿದ್ದು ಎಡಗಡೆಯದು ಮಾತ್ರ ಅಂತ ನಮ್ಮನೆಯವರು ಒಂದನ್ನೇ ತರಲು ಹೊರಟಿದ್ದರು. ಒಂದು ಹೊಸದು, ಒಂದು ಹಳೆಯದು ಹಾಕಿದರೆ ಚಕ್ರ ಹಿಡಿದಿರುವ ತೋಳಿಗೆ ಎರಡು ಕಡೆ ಎರಡು ಬಗೆಯ ಒತ್ತಡ ಬಿದ್ದು ತಿರುವಿನಲ್ಲಿ ಗಾಡಿ ವಾಲಾಡುತ್ತದೆ. ಒಂದು ಕಾಲಿಗೆ ಹೈಹೀಲ್ಡು, ಇನ್ನೊಂದಕ್ಕೆ ಹವಾಯಿ ಹಾಕಿಕೊಂಡು ನಡೆದು ನೋಡಿ, ಗೊತ್ತಾಗುತ್ತೆ! ಗಾಡಿಯ ಮಾದರಿ, ವರ್ಷ ಎರಡನ್ನೂ ಅಂಗಡಿಯಲ್ಲಿ ಹೇಳಿ. ಮೇಲಿಂದ ನೋಡಲು ಒಂದೇ ಥರ ಇದ್ದರೂ ಉದ್ದದಲ್ಲಿ, ಕಣ್ಣಿನ ಅಳತೆಯಲ್ಲಿ ವ್ಯತ್ಯಾಸವಿರುತ್ತದೆ. ಬಿಲ್ಲು ಕೇಳಿ ತೆಗೆದುಕೊಳ್ಳಿ. ಮನೆಗೆ ತಂದ ಮೇಲೆ ಹಳೆಯದರ ಪಕ್ಕ ಹಿಡಿದು ಅಳೆದು ನೋಡಿದ ನಂತರವೇ ಉಳಿದ ಕೆಲಸ.

ಗಾಡಿಯನ್ನು ಸಿಮೆಂಟಿನ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು. ತೋಟದ ಮಣ್ಣಿನಲ್ಲಿ ಬೇಡ, ಸೈಡ್ ಸ್ಟ್ಯಾಂಡಿನಲ್ಲಂತೂ ಬೇಡವೇ ಬೇಡ. ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಇಟ್ಟಿಗೆ ಕೊಡಿ. ಬೀಗದ ಕೈ ತೆಗೆದಿಡಿ. ಸೈಲೆನ್ಸರ್ ಪೂರ್ತಿ ತಣ್ಣಗಿರಲಿ, ಬಲಗಡೆಯ ಕೆಳಗಿನ ಬೋಲ್ಟ್ ಅದರ ಪಕ್ಕದಲ್ಲೇ ಇರುತ್ತದೆ. ಹಾಗಾಗಿ ತೋಟಕ್ಕೆ ಹೋಗಿ ಬಂದ ಕೂಡಲೇ ಶುರು ಮಾಡಬೇಡಿ. ಮಕ್ಕಳನ್ನು ಟಿ.ವಿ. ಮುಂದೆ ಕೂರಿಸಿ.

ಹಿಂದಿನ ರಾತ್ರಿಯೇ ನಾಲ್ಕೂ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ನಮ್ಮ ಅತ್ತೆ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತಂದುಕೊಟ್ಟರು. ತಿಪಟೂರಿನ ಮನೆಯಲ್ಲಿ ಎಲ್ಲ ಕಾಯಿಲೆಗೂ ಅದೇ ಮದ್ದು ತಾನೇ! ಆದರೆ ತುಕ್ಕಿಗೆ ಅದು ಆಗುವುದಿಲ್ಲ. ಮಾಗಿ ಚಳಿಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ನಟ್ಟಿನ ಸಂದಿಗೆಲ್ಲಿ ಇಳಿದೀತು? ಅಂಗಡಿಯ ಸ್ಪ್ರೇ ಇಲ್ಲದಿದ್ದರೆ ಸ್ವಲ್ಪ ಡೀಸೆಲ್ ಸಾಕು. ಬ್ರೇಕಿನ ಮೇಲೆ, ಟಯರಿನ ಮೇಲೆ ಹನಿಯದಂತೆ ಹಳೆ ಬಟ್ಟೆ ಮುಚ್ಚಿ.

ಬಿಚ್ಚಲು ರಿಂಗ್ ಸ್ಪ್ಯಾನರ್ ಉತ್ತಮ. ಬಾಯಿ ತೆರೆದ ಸ್ಪ್ಯಾನರ್ ಜಾರಿದರೆ ನಟ್ಟಿನ ಮೂಲೆಯೂ ಹೋಗುತ್ತದೆ, ನಿಮ್ಮ ಬೆರಳಿನ ಗೆಣ್ಣೂ ಹೋಗುತ್ತದೆ. ಅಳತೆ ಗಾಡಿಯಿಂದ ಗಾಡಿಗೆ ಬೇರೆ, ಮೊದಲೇ ಕೂರಿಸಿ ನೋಡಿಕೊಳ್ಳಿ. ಮೇಲುಗಡೆ ಟೋಪಿಯಂಥ ನಟ್ಟು, ಕೆಳಗಡೆ ಬೋಲ್ಟು. ಕೆಲವು ಗಾಡಿಗಳಲ್ಲಿ ಹಿಂದೆ ಕೂತವರು ಹಿಡಿದುಕೊಳ್ಳುವ ಕಂಬಿ, ಸೀರೆ ಗಾರ್ಡಿನ ಪಟ್ಟಿ ಕೂಡ ಇದೇ ನಟ್ಟುಗಳಿಗೆ ಸಿಕ್ಕಿಸಿರುತ್ತವೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡೂ ಪಕ್ಕದ ಫೋಟೋ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ವಾಷರು, ನಟ್ಟು ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಜೋಡಿಸಿ. ರಂಗೋಲಿ ಚುಕ್ಕಿ ಇಟ್ಟವರಿಗೆ ಇದೆಲ್ಲ ಕಷ್ಟವೇ? ಗಂಡಸರು ಇದನ್ನು ಮಾಡುವುದಿಲ್ಲ, ಎಲ್ಲವನ್ನೂ ಒಂದೇ ಮುಷ್ಟಿಯಲ್ಲಿ ಸುರಿದು ಆಮೇಲೆ ಹುಡುಕುತ್ತಾರೆ!

ಈಗ ಮುಖ್ಯವಾದದ್ದು. ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆ ಬಿಚ್ಚಿ, ಹೊಸದು ಹಾಕಿ, ನಟ್ಟು ಕೂರಿಸಿದ ಮೇಲೆಯೇ ಇನ್ನೊಂದು ಕಡೆಗೆ ಹೋಗಿ. ಒಂದು ಪಕ್ಕ ಇರುವಷ್ಟು ಹೊತ್ತು ಅದು ಚಕ್ರದ ತೋಳನ್ನು ಅದರ ಜಾಗದಲ್ಲೇ ಹಿಡಿದಿರುತ್ತದೆ, ತೂತಿಗೆ ತೂತು ಸರಿಯಾಗಿ ಕೂರುತ್ತದೆ. ಹಳೆಯದನ್ನು ಮೇಲೊಮ್ಮೆ ಕೆಳಗೊಮ್ಮೆ ಹೊರಕ್ಕೆ ಅಲ್ಲಾಡಿಸುತ್ತಾ ಎಳೆಯಿರಿ. ಬಿಗಿಯಾಗಿದ್ದರೆ ಮರದ ತುಂಡು ಅಡ್ಡ ಕೊಟ್ಟು ಮೆಲ್ಲಗೆ ತಟ್ಟಿ. ಹೊಸದು ಕೂರುವಾಗ ಕೂದಲೆಳೆಯಷ್ಟು ವ್ಯತ್ಯಾಸ ಬಂದರೆ ಇನ್ನೊಬ್ಬರು ಚಕ್ರವನ್ನು ಸ್ವಲ್ಪ ಎತ್ತಿ ಹಿಡಿದರೆ ಸಾಕು. ನಾನು ಮಾಡಿದ್ದು ಅದೇ ಕೆಲಸ. ಸುತ್ತಿಗೆಯಲ್ಲಿ ಹೊಡೆದು ಕೂರಿಸಲು ಹೋದರೆ ಬೋಲ್ಟಿನ ಎಳೆ ಕೆಡುತ್ತದೆ. ನಟ್ಟನ್ನು ಮೊದಲ ನಾಲ್ಕು ಸುತ್ತು ಬೆರಳಿನಲ್ಲೇ ತಿರುಗಿಸಿ, ಸಲೀಸಾಗಿ ಹೋದರೆ ಮಾತ್ರ ಸ್ಪ್ಯಾನರ್. ಎರಡೂ ಕಡೆ ಆದ ಮೇಲೆ ಸ್ಟ್ಯಾಂಡಿನಿಂದ ಇಳಿಸಿ, ಸೀಟು ನಾಲ್ಕು ಸಲ ಒತ್ತಿ, ಮತ್ತೊಮ್ಮೆ ನಾಲ್ಕೂ ನಟ್ಟು ಬಿಗಿ ಮಾಡಿ.

ಹಳೆಯದರ ಸ್ಪ್ರಿಂಗನ್ನು ಬಿಚ್ಚಿ ನೋಡುವ ಕುತೂಹಲ ಯಾರಿಗೂ ಬೇಡ. ಅದು ಒಳಗೆ ಅದುಮಿಕೊಂಡೇ ಕೂತಿರುತ್ತದೆ, ತಪ್ಪಿದರೆ ಹಲ್ಲು ಉದುರೀತು. ಕೆಲವದರಲ್ಲಿ ಗ್ಯಾಸೂ ತುಂಬಿರುತ್ತದೆ. ತೂತು ಮಾಡುವುದು, ಒಲೆಗೆ ಹಾಕುವುದು ಬೇಡ. ಹಾಗೇ ಗುಜರಿಗೆ ಕೊಟ್ಟುಬಿಡಿ.

ಉಳಿದುಹೋದ ಆ ಪಟ್ಟಿ

ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಮೈದುನ ಕೈ ತೊಳೆದುಕೊಂಡು ಕಾಫಿಗೆ ಕೂತ. ತಟ್ಟೆ ನೋಡಿದರೆ ಒಂದು ಪುಟ್ಟ ಕಬ್ಬಿಣದ ಪಟ್ಟಿ, ಒಂದು ವಾಷರು ಉಳಿದಿವೆ! "ಅದೇನೂ ಬೇಕಾಗಿಲ್ಲ ಬಿಡೇ, ಎಲ್ಲ ಬಿಗಿಯಾಗಿದೆಯಲ್ಲ" ಅಂದರು ನಮ್ಮನೆಯವರು. ಮೊಬೈಲಿನ ಫೋಟೋ ತೆಗೆದು ನೋಡಿದೆ. ಅದು ಸೀರೆ ಗಾರ್ಡನ್ನು ಹಿಡಿದಿಡುವ ಪಟ್ಟಿ. ಅದಿಲ್ಲದೆ ಗಾರ್ಡಿನ ಕೆಳತುದಿ ಕೈಯಲ್ಲಿ ತಳ್ಳಿದರೆ ಚಕ್ರದ ಕಡ್ಡಿಗೆ ತಾಗುತ್ತಿತ್ತು.

ಇಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ ಅನ್ನಿ. ಸೀರೆಯ ಸೆರಗೋ ಚೂಡಿದಾರದ ದುಪಟ್ಟಾವೋ ಚಕ್ರಕ್ಕೆ ಸಿಕ್ಕಿ ಏನೇನಾಗಿದೆ ಅಂತ ನಿಮಗೆಲ್ಲ ಗೊತ್ತು. ಸೀರೆ ಗಾರ್ಡು ಶೋಕಿಗೆ ಹಾಕಿದ ಕಂಬಿಯಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಇರುವುದೇ ಇದಕ್ಕೆ. ಬೈಕಿನಲ್ಲಿ ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಜಾಗ, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಬಟ್ಟೆ ಸಿಕ್ಕದ ಹಾಗೆ ಮರೆ, ಈ ಮೂರೂ ಇರಬೇಕು ಅನ್ನುತ್ತದೆ. ಕಾಲೇಜು ಹುಡುಗರು ಚೆಂದ ಕಾಣಲ್ಲ ಅಂತ ಕಿತ್ತೆಸೆಯುತ್ತಾರೆ. ರಿಪೇರಿಗೆ ಬಿಟ್ಟಾಗ ಬಿಚ್ಚಿಟ್ಟು ಮರೆಯುವುದೂ ಉಂಟು. ಗ್ಯಾರೇಜಿನಿಂದ ಬಂದ ಗಾಡಿಯನ್ನು ಹತ್ತುವ ಮೊದಲು ಗಾರ್ಡನ್ನು ಒಮ್ಮೆ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಮೈದುನ ಅರ್ಧ ಕಾಫಿ ಬಿಟ್ಟು ಎದ್ದು ಬಂದು ಪಟ್ಟಿ ಹಾಕಿಕೊಟ್ಟ.

ಇನ್ನೊಂದು ಗುಟ್ಟು. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಉಂಗುರವಿರುತ್ತದೆ. ಅದನ್ನು ತಿರುಗಿಸಲು ಗಾಡಿಯ ಟೂಲ್ಸ್ ಚೀಲದಲ್ಲಿ ಕೊಕ್ಕೆಯಂಥ ಸ್ಪ್ಯಾನರ್ ಇರುತ್ತದೆ. ಮೇಲಿನ ಮೆಟ್ಟಿಲಿಗೆ ಏರಿಸಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ಅವರೊಬ್ಬರೇ ಓಡಿಸುವಾಗ ಮೆತ್ತಗಿರಲಿ. ನೀವೂ ಕೂತು, ಕಾಯಿ ಚೀಲವೂ ಇದ್ದಾಗ ಒಂದೆರಡು ಮೆಟ್ಟಿಲು ಏರಿಸಿ. ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ನಮ್ಮ ಗಾಡಿ ಕೊಂಡಾಗಿನಿಂದ ಆ ಉಂಗುರವನ್ನು ಯಾರೂ ಮುಟ್ಟಿರಲಿಲ್ಲ! ಕೊನೆಯ ಮೆಟ್ಟಿಲಿಗೆ ಏರಿಸಿಟ್ಟರೆ ಇನ್ನಷ್ಟು ಮೂಟೆ ಹೇರಬಹುದು ಅಂತ ಮಾತ್ರ ತಿಳಿಯಬೇಡಿ. ಭಾರಕ್ಕೆ ಟೆಂಪೋ ಇದೆ.

ನನ್ನ ಸೊಂಟ ನೋವು ಒಂದೇ ದಿನಕ್ಕೆ ಮಾಯವಾಯಿತು ಅಂತ ಹೇಳಿದರೆ ಸುಳ್ಳಾದೀತು. ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಈಗಲೂ ನಡೆದಿದೆ. ನಿಮಗೂ ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಗಾಡಿಯ ಮೇಲೆ ತಪ್ಪು ಹಾಕಿ ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ಬಸುರಿಯರಂತೂ ಕುಪ್ಪಳಿಸುವ ಗಾಡಿ ಹತ್ತಲೇಬೇಡಿ, ಬಸ್ಸು ಕಾದರೆ ಕಾಯಲಿ. ಆದರೆ ಹಂಪು ಬಂದಾಗ ಹಲ್ಲು ಕಚ್ಚುವುದು ಮಾತ್ರ ನಿಂತಿದೆ.

ಹೊಸದು ಹಾಕಿದ ಮೊದಲ ವಾರ ಕಳೆದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಬೇಕು, ಅದನ್ನು ಮರೆಯಬೇಡಿ. ನಾವು ನೋಡಿದಾಗ ಬಲಗಡೆಯ ಕೆಳಗಿನದು ಕಾಲು ಸುತ್ತು ಸಡಿಲವಾಗಿತ್ತು. ಈಗ ದಸರೀಘಟ್ಟದ ಚೌಡೇಶ್ವರಿಗೆ ಹೊರಡುವ ಹಿಂದಿನ ಸಂಜೆ ಹಣ್ಣುಕಾಯಿ ಬುಟ್ಟಿ ಜೋಡಿಸಿ, ಬಾಗಿಲ ಹೊರಗೆ ಹೋಗಿ ಸೀಟು ಒತ್ತಿ ನೋಡುವುದು ನನ್ನ ಕೆಲಸ. "ಏನೇ, ಪಾಸಾ ಫೇಲಾ?" ಅಂತ ಒಳಗಿನಿಂದ ಕೂಗುತ್ತಾರೆ ನಮ್ಮನೆಯವರು.